ಬ್ಯಾಟರಿ ಇಲ್ಲದ ಸ್ನೋಮೊಬೈಲ್‌ಗೆ 12 ವೋಲ್ಟ್ ಸಾಕೆಟ್ ಹಾಕಬಹುದಾ?

ಸಡ್ಬರಿ_ಸೀನ
ಎಲ್ರಿಗೂ ನಮಸ್ಕಾರ. ನಾವಿರೋದು ಒಂಟಾರಿಯೊದಲ್ಲಿ, ಸಡ್ಬರಿ ಹತ್ರ. ಈ ಸೀಸನ್‌ಗೆ ಒಂದು ಹಳೇ ಟೂ ಸ್ಟ್ರೋಕ್ ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಗಾಡಿ) ತಗೊಂಡಿದೀನಿ, ಫ್ಯಾನ್ ಕೂಲ್ಡ್, ಹಗ್ಗ ಎಳೆದು ಸ್ಟಾರ್ಟ್ ಮಾಡೋದು, ಬ್ಯಾಟರಿನೇ ಇಲ್ಲ. ಡ್ಯಾಶ್ ಮೇಲೆ ಹೆಲ್ಮೆಟ್‌ನ ಹೀಟೆಡ್ ವೈಸರ್‌ಗೆ (ಮುಖದ ಮುಂದಿನ ಬಿಸಿಯಾಗೋ ಗಾಜು) ಅಂತ ಒಂದು ಆರ್‌ಸಿಎ ಪಿನ್ (ಹಳೇ ಟಿವಿ ಕೇಬಲ್‌ಗಿರೋ ತರದ ದುಂಡು ಕನೆಕ್ಟರ್) ಇದೆ, ಅದು ಚೆನ್ನಾಗೇ ಕೆಲಸ ಮಾಡ್ತಿದೆ. ಅದ್ರಿಂದಲೇ ಒಂದು ವೈರ್ ಎಳೆದು ಕಾರಲ್ಲಿರೋ ತರ ಲೈಟರ್ ಸಾಕೆಟ್ ಹಾಕಿ, ಮ್ಯಾಪ್‌ಗೆ ಫೋನ್ ಚಾರ್ಜ್ ಮಾಡ್ಕೊಂಡು, ಹಿಂದೆ ಕೂರೋ ನಮ್ಮನೆಯವ್ರಿಗೆ ಹೀಟೆಡ್ ಗ್ಲೌಸೂ ಕೊಡೋಣ ಅಂತ ಪ್ಲಾನು. ಇಲ್ಲಿ ಮೈನಸ್ 25 ಅಂದ್ರೆ ಏನಂತ ಗೊತ್ತಲ್ಲ. ಆಗತ್ತಾ?

ಮಿನ್ನೆಸೋಟ_ಮೆಕ್ಯಾನಿಕ್
ತಡೀರಿ ಸಾರ್, ಫೋನ್ ಸಿಕ್ಕಿಸೋಕೆ ಮುಂಚೆ ಆ ಪಿನ್‌ನಲ್ಲಿ ಬರ್ತಿರೋದು ಎಸಿನಾ ಡಿಸಿನಾ ನೋಡಿ. ಬ್ಯಾಟರಿ ಇಲ್ಲದ ಹಳೇ ಗಾಡಿಗಳಲ್ಲಿ ಸ್ಟೇಟರ್‌ನಿಂದ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸೋ ಕಾಯಿಲ್) ಬರೋ ಎಸಿನೇ ಬರೀ ರೆಗ್ಯುಲೇಟರ್ (ವೋಲ್ಟೇಜ್ ಮಿತಿ ಮೀರದ ಹಾಗೆ ತಡೆಯೋದು) ದಾಟಿ ಹೆಡ್‌ಲೈಟು, ಹ್ಯಾಂಡಲ್ ಹೀಟರು, ವೈಸರ್ ಎಲ್ಲಕ್ಕೂ ಹೋಗೋದು ಜಾಸ್ತಿ. ಊರಲ್ಲಿ ಹಳೇ ಸ್ಪ್ಲೆಂಡರ್ ಹೆಡ್‌ಲೈಟ್ ನಿಂತಲ್ಲಿ ಮಂಕಾಗಿ, ರೇಸ್ ಕೊಟ್ರೆ ಜೋರಾಗ್ತಿತ್ತಲ್ಲ, ಅದೇ ಕಥೆ. ವೈಸರ್ ಒಳಗಿರೋದು ಬರೀ ಕಾಯೋ ತಂತಿ, ಅದಕ್ಕೆ ಎಸಿ ಆದ್ರೇನು ಡಿಸಿ ಆದ್ರೇನು, ಆದ್ರೆ ಯುಎಸ್‌ಬಿ ಚಾರ್ಜರ್‌ಗೆ ಎಸಿ ಕೊಟ್ರೆ ಸುಟ್ಟೇ ಹೋಗಬಹುದು.

ಮಲ್ಟಿಮೀಟರ್ ಡಿಸಿಗೆ ಹಾಕಿ, ಕಪ್ಪು ಕಡ್ಡಿ ಪಿನ್‌ನ ಹೊರಗಿನ ರಿಂಗ್‌ಗೆ, ಕೆಂಪು ಮಧ್ಯಕ್ಕೆ. 12ರಿಂದ 14 ಬಂದ್ರೆ ಡಿಸಿ, ಸೊನ್ನೆ ಹತ್ರ ಒದ್ದಾಡ್ತಿದ್ರೆ ಎಸಿ ಮೋಡ್‌ಗೆ ತಿರುಗಿಸಿ ನೋಡಿ. ಎಂಜಿನ್ ಓಡ್ತಿರುವಾಗ ನೋಡ್ಬೇಕು, ಅದಕ್ಕೆ ಹಿಂಭಾಗ ಸ್ಟ್ಯಾಂಡ್ ಮೇಲೆ ಎತ್ತಿಡಿ, ಟ್ರ್ಯಾಕ್ (ಗಾಡಿ ಕೆಳಗೆ ಸುತ್ತೋ ಪಟ್ಟಿ) ಹಿಂದೆ ಯಾರನ್ನೂ ನಿಲ್ಲಿಸ್ಬೇಡಿ, ಮಕ್ಕಳನ್ನಂತೂ ಗ್ಯಾರೇಜ್‌ನಿಂದಲೇ ಆಚೆ ಕಳ್ಸಿ.

ಸಡ್ಬರಿ_ಸೀನ
ನೋಡ್ದೆ, ಎಸಿನೇ, 13ರಿಂದ 14 ತೋರಿಸ್ತಿದೆ. ಹಾಗಾದ್ರೆ ಎಸಿನ ಡಿಸಿ ಮಾಡೋಕೆ ನಾಲ್ಕು ಡಯೋಡ್‌ನ (ಕರೆಂಟ್ ಒಂದೇ ಕಡೆ ಬಿಡೋ ಬಿಡಿಭಾಗ) ಬ್ರಿಡ್ಜ್ ರೆಕ್ಟಿಫೈಯರ್ ಹಾಕಿ, ಸಾಕೆಟ್‌ನ ನೆಗೆಟಿವ್ ಅಲ್ಲೇ ಫ್ರೇಮ್‌ಗೆ ಕೊಟ್ರೆ ಮುಗೀತಲ್ವಾ?

ಮಿನ್ನೆಸೋಟ_ಮೆಕ್ಯಾನಿಕ್
ಬ್ರಿಡ್ಜ್ ಸರಿ, ಫ್ರೇಮ್‌ಗೆ ಮಾತ್ರ ಕೊಡಲೇಬೇಡಿ!! ಎಲ್ರೂ ಎಡವೋದು ಇಲ್ಲೇ. ನಿಮ್ಮ ಎಸಿಯ ಒಂದು ತುದಿ ಆಗ್ಲೇ ಫ್ರೇಮ್‌ಗೆ ಸೇರಿರತ್ತೆ, ಬ್ರಿಡ್ಜ್‌ನ ನೆಗೆಟಿವ್ವೂ ಅದಕ್ಕೇ ಸೇರಿಸಿದ್ರೆ ಒಂದು ಡಯೋಡ್ ಮೂಲಕ ಅರ್ಧ ಸೈಕಲ್ ಶಾರ್ಟ್ ಆಗತ್ತೆ, ಡಯೋಡೋ ಫ್ಯೂಸೋ ಯಾವ್ದೋ ಒಂದು ಹೋಗತ್ತೆ. ಸ್ಟೇಟರ್‌ನಿಂದ ಬರೋ ಎರಡು ವೈರೂ ಫ್ರೇಮ್‌ಗೆ ತಾಗದೆ ತೇಲ್ತಾ ಇದ್ರೆ ಮಾತು ಬೇರೆ, ಅದನ್ನ ವೈರಿಂಗ್ ಡಯಾಗ್ರಾಂ ನೋಡಿನೇ ಹೇಳ್ಬೇಕು. ಈಗಿರೋ ಹಾಗೇ ಮಾಡೋದಾದ್ರೆ ಪ್ಲಾಸ್ಟಿಕ್ ಬಾಡಿ ಸಾಕೆಟ್ ತಗೊಂಡು ಪ್ಲಸ್ಸು ಮೈನಸ್ಸು ಎರಡೂ ಬ್ರಿಡ್ಜ್‌ನಿಂದಲೇ ಎಳೀರಿ. ಕಬ್ಬಿಣದ ಫೋನ್ ಮೌಂಟೂ ಬೇಡ, ಯುಎಸ್‌ಬಿ ಕೇಬಲ್‌ನ ಹೊರಕವಚ ನೆಗೆಟಿವ್ವೇ, ಅದು ಹ್ಯಾಂಡಲ್‌ಗೆ ತಾಗಿದ್ರೂ ಅದೇ ಗತಿ.

ಆಮೇಲೆ ಬ್ರಿಡ್ಜ್ ಆದ್ಮೇಲೆ ಏರಿಳಿಯೋ ವೋಲ್ಟೇಜ್ ಸಮ ಮಾಡೋಕೆ ಒಂದು ದೊಡ್ಡ ಕೆಪ್ಯಾಸಿಟರ್ ಬೇಕು, 4700 ಮೈಕ್ರೋಫ್ಯಾರಡ್ ಇರ್ಲಿ, 35 ವೋಲ್ಟ್‌ದು. ಎಸಿ 14 ಅಂತ ತೋರಿಸಿದ್ರೂ ಲೋಡ್ ಇಲ್ದಾಗ ಕೆಪ್ಯಾಸಿಟರ್ ಮೇಲೆ 18ರ ತನಕ ಏರಬಹುದು, ಅದಕ್ಕೆ 16 ವೋಲ್ಟ್‌ದು ಹಾಕ್ಬೇಡಿ, ಚಾರ್ಜರೂ 12-24 ವೋಲ್ಟ್ ಅಂತ ಬರೆದಿರೋದೇ ತಗೊಳ್ಳಿ. ಫ್ಯೂಸ್ ಬ್ರಿಡ್ಜ್‌ಗೆ ಮುಂಚೆ, ಪವರ್ ತಗೊಳ್ಳೋ ಜಾಗದ ಪಕ್ಕದಲ್ಲೇ, ಫೋನ್‌ಗೆ 5 ಆಂಪ್ ಧಾರಾಳ ಆಯ್ತು.

ಟೊರಾಂಟೊ_ತಿಮ್ಮ
ವೈರಿಂಗ್ ಎಲ್ಲ ಸರಿ ಗುರುಗಳೇ, ಪವರ್ ಎಲ್ಲಿದೆ? ಹಳೇ ಗಾಡಿ ಸ್ಟೇಟರ್‌ಗಳು 160, 220 ವಾಟ್ ಅಂತ ಬರೋವು, ಅದೂ ಫುಲ್ ಆರ್‌ಪಿಎಂನಲ್ಲಿ. ಹೆಡ್‌ಲೈಟ್ ಒಂದೇ 55-60 ತಿನ್ನತ್ತೆ, ಕೆಲವು ಗಾಡೀಲಿ ಎರಡು ಬಲ್ಬು, ಜೊತೆಗೆ ಹ್ಯಾಂಡಲ್ ಹೀಟರು, ಹೆಬ್ಬೆರಳಿನ ಹೀಟರು, ವೈಸರು. ಇದ್ರ ಮೇಲೆ ಗ್ಲೌಸ್ ಜೋಡಿಗೆ 25-30 ವಾಟ್ ಅಂದ್ರೆ ಟ್ರೇಲ್‌ನಲ್ಲಿ ನಿಧಾನಕ್ಕೆ ಹೋಗುವಾಗ ಯಾವುದೂ ಸರಿಯಾಗಿ ಕಾಯಲ್ಲ.

ನನ್ ಪ್ರಕಾರ ಮನೆಯವ್ರಿಗೆ ಒಳಗೇ ಬ್ಯಾಟರಿ ಇರೋ ಗ್ಲೌಸ್ ಕೊಡ್ಸಿ. ಫೋನ್ ಅಂತೂ ಹ್ಯಾಂಡಲ್ ಮೇಲೆ ಇಡೋ ಕೆಲಸವೇ ಬೇಡ, ಲಿಥಿಯಂ ಬ್ಯಾಟರಿನ ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಿದ್ರೆ ಒಳಗೇ ಹಾಳಾಗತ್ತೆ, ಎಷ್ಟೋ ಫೋನ್ ಆ ಚಳೀಲಿ ಚಾರ್ಜೇ ತಗೊಳ್ಳಲ್ಲ. ಪವರ್ ಬ್ಯಾಂಕು ಫೋನು ಎರಡೂ ಜಾಕೆಟ್ ಒಳ ಜೇಬಲ್ಲಿ ಇಟ್ಕೊಳ್ಳಿ.

ಮಿನ್ನೆಸೋಟ_ಮೆಕ್ಯಾನಿಕ್
ಗ್ಲೌಸ್ ವಿಷಯ ತಿಮ್ಮಣ್ಣ ಹೇಳಿದ್ದು ಒಪ್ದೆ. ಆದ್ರೆ ಪವರ್ ಬ್ಯಾಂಕ್ ಒಂದನ್ನೇ ನಂಬ್ಕೊಂಡು ಕಾಡೊಳಗೆ ದಿನಗಟ್ಟಲೆ ಹೋಗೋರಿಗೆ ಸಾಕೆಟ್ ಬೇಕೇ ಬೇಕು, ಇಲ್ಲೂ ಆ ಕಡೆ ಒಂಟಾರಿಯೊದಲ್ಲೂ ಸಿಗ್ನಲ್ ಇಲ್ಲದ ಜಾಗ ಬೇಕಾದಷ್ಟು. ಬರೀ ಫೋನ್‌ಗೆ ಅಂದ್ರೆ 10-15 ವಾಟ್ ಅಷ್ಟೇ, ಅದನ್ನ ಗಾಡಿ ತಡ್ಕೊಳ್ಳತ್ತೆ. ಕೇಬಲ್ ಉದ್ದಕ್ಕೆ ಎಳೆದು ಜಾಕೆಟ್ ಒಳಗೇ ಚಾರ್ಜ್ ಮಾಡಿ, ಆದ್ರೆ ಬಿದ್ರೆ ಎಳೆದ ತಕ್ಷಣ ಕಿತ್ಕೊಂಡು ಬರೋ ಹಾಗಿರ್ಲಿ, ವೈಸರ್‌ಗೆ ಆರ್‌ಸಿಎ ಇಟ್ಟಿರೋದ್ರ ಅನುಕೂಲನೂ ಅದೇ.

ಸಡ್ಬರಿ_ಸೀನ
ಸರಿ, ಗ್ಲೌಸ್ ಬಿಟ್ಟೆ, ಬರೀ ಯುಎಸ್‌ಬಿ ಹಾಕ್ತೀನಿ. ವೈರ್ ಎಷ್ಟು ದಪ್ಪ, ಎಲ್ಲಿಂದ ಎಳೀಲಿ?

ಮಿನ್ನೆಸೋಟ_ಮೆಕ್ಯಾನಿಕ್
16 ಗೇಜ್ ಸಾಕು. ಎಕ್ಸಾಸ್ಟ್ ಪೈಪ್‌ನಿಂದ ದೂರ ಇರ್ಲಿ, ಕ್ಲಚ್ ಬೆಲ್ಟ್ ಕಡೆ ಹೋಗ್ಲೇಬೇಡಿ. ಜಾಯಿಂಟ್‌ಗೆ ಹೀಟ್ ಶ್ರಿಂಕು (ಬಿಸಿ ಮಾಡಿದ್ರೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ), ಪಿನ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸು (ನೀರು ತಡೆಯೋ, ಕರೆಂಟ್ ಹರಿಯದ ಗ್ರೀಸು), ಯಾಕಂದ್ರೆ ಹುಡ್ ಒಳಗೆ ನುಗ್ಗಿದ ಹಿಮ ಎಂಜಿನ್ ಬಿಸಿಗೆ ಕರಗಿ ಎಲ್ಲಾ ಕಡೆ ನೀರಾಗತ್ತೆ. ಸಾಕೆಟ್‌ಗೆ ರಬ್ಬರ್ ಮುಚ್ಚಳ ಇರ್ಲಿ. ಜಿಪ್ ಟೈ ಬಿಗಿಯೋ ಮುಂಚೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಳೀತಿದ್ಯಾ ನೋಡ್ಕೊಳ್ಳಿ.