ಎಸಿಎಲ್ ಆದ ಮೇಲೆ ಮಂಡಿ ನೇರವಾಗುತ್ತಿಲ್ಲ: ಎರಡನೇ ಸಲ ಕೀಹೋಲ್ ಮಾಡಿಸಿಕೊಂಡವರು ಇದ್ದೀರಾ?

ಕೇಳಿದವರು: ಖೋ-ಖೋ ಆಡುವಾಗ ಎಡಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿಯಿತು. ನಾಲ್ಕೂವರೆ ತಿಂಗಳ ಹಿಂದೆ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕಟ್ಟಿದರು. ಈಗ 95 ಡಿಗ್ರಿಗಿಂತ ಹೆಚ್ಚು ಮಡಚಲಾಗುತ್ತಿಲ್ಲ, ನೇರ ಮಾಡಲು ಹೋದರೆ 10 ಡಿಗ್ರಿ ಬಾಕಿ ಉಳಿಯುತ್ತದೆ. ಒಳಗೆ ಬೆಳೆದಿರುವ ಗಾಯದ ಅಂಗಾಂಶವನ್ನು ಕೀಹೋಲ್ (ಸಣ್ಣ ರಂಧ್ರದಲ್ಲಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮೂಲಕ ತೆಗೆಯೋಣ ಎನ್ನುತ್ತಾರೆ ಡಾಕ್ಟರು. ಮತ್ತೆ ಕೊಯ್ಯಿಸಿಕೊಳ್ಳಬೇಡ, ಎಣ್ಣೆ ತಿಕ್ಕಿದರೆ ಸಡಿಲವಾಗುತ್ತದೆ ಎನ್ನುತ್ತಾರೆ ಮನೆಯವರು. ಅನುಭವ ಇರುವವರು ತಿಳಿಸಿ.

ತುಮಕೂರಿನ ಶಿಕ್ಷಕಿ: ನೀವು 95 ಡಿಗ್ರಿಯನ್ನು ಮೊದಲು ಬರೆದು, 10 ಡಿಗ್ರಿಯನ್ನು ಆಮೇಲೆ ಬರೆದಿದ್ದೀರಿ. ನನ್ನ ಚಿಂತೆಯ ಕ್ರಮವೂ ಆಗ ಹೀಗೆಯೇ ಇತ್ತು, ಅದು ತಪ್ಪು. ಮಡಚುವುದು ನಿಧಾನವಾಗಿಯಾದರೂ ಬರುತ್ತದೆ. ನೇರವಾಗದ ಮಂಡಿ ಮಾತ್ರ ಪ್ರತಿ ಹೆಜ್ಜೆಗೂ ಸುಂಕ ವಸೂಲಿ ಮಾಡುತ್ತದೆ. 5 ಡಿಗ್ರಿ ಬಾಕಿ ಇದ್ದರೂ ಕುಂಟು ಬಿಡುವುದಿಲ್ಲ, ತೊಡೆಯ ಮುಂಭಾಗದ ಸ್ನಾಯು ನಿಂತಲ್ಲಿಯೂ ದುಡಿದು ಸೋಲುತ್ತದೆ.

ನನ್ನದು ಷಟಲ್ ಆಡಿ ಹರಿದುಕೊಂಡ ಲಿಗಮೆಂಟು. ಐದನೇ ತಿಂಗಳಲ್ಲೂ ಕಾಲು ಚಾಚಿದರೆ ಚಿಪ್ಪಿನ ಕೆಳಗೆ, ಮುಂಭಾಗದಲ್ಲಿ, ಬಾಗಿಲ ಸಂದಿಗೆ ಚಪ್ಪಲಿ ಸಿಕ್ಕಿಕೊಂಡಂತೆ ಟಕ್ಕನೆ ನಿಲ್ಲುತ್ತಿತ್ತು. ಯಾರು ಎಷ್ಟು ಒತ್ತಿದರೂ ಅದೇ ಜಾಗ. ಎಂಆರ್‌ಐ ಮಾಡಿಸಿದಾಗ ಹೊಸ ಲಿಗಮೆಂಟಿನ ಎದುರಿಗೆ ಒಂದು ನಾರುಗಂಟು ಕಂಡಿತು. ಇದಕ್ಕೆ ಸೈಕ್ಲಾಪ್ಸ್ ಎನ್ನುತ್ತಾರೆ. 1990ರಲ್ಲಿ ಜಾಕ್ಸನ್ ಮತ್ತು ಶೇಫರ್ ಎಂಬ ವೈದ್ಯರು ಇದನ್ನು ವಿವರಿಸಿದರು. ಕ್ಯಾಮೆರಾದಲ್ಲಿ ನೋಡಿದರೆ ಕಣ್ಣಿನಂತೆ ಕಾಣುತ್ತದೆ ಎಂದು ಗ್ರೀಕರ ಒಂಟಿಕಣ್ಣಿನ ದೈತ್ಯನ ಹೆಸರನ್ನು ಇಟ್ಟರಂತೆ. ನನ್ನ ಮಂಡಿಯ ವಿಡಿಯೋವನ್ನೂ ತೋರಿಸಿದರು. ನನಗಂತೂ ಕಣ್ಣು ಕಾಣಲಿಲ್ಲ, ಬೇಯಿಸಿದ ಹಲಸಿನ ತೊಳೆಯ ಹಾಗಿತ್ತು.

ಹಳೆಯ ಗಾಯದ ಜಾಗದಲ್ಲೇ ಎರಡು ಸಣ್ಣ ರಂಧ್ರ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಶೇವರ್ ಎಂಬ ತಿರುಗುವ ಬ್ಲೇಡು. ಗಂಟನ್ನು ತೆಗೆದು, ಚಿಪ್ಪಿನ ಮೇಲ್ಭಾಗದಲ್ಲೂ ಇಕ್ಕೆಲಗಳಲ್ಲೂ ಅಂಟಿಕೊಂಡಿದ್ದ ನಾರುಗಳನ್ನು ಬಿಡಿಸಿದರು. ಮೇಜಿನ ಮೇಲೆಯೇ ಕಾಲು ಪೂರ್ತಿ ನೇರವಾಯಿತು, 130ರವರೆಗೆ ಮಡಚಿತು ಎಂದರು. ಇದನ್ನು ಕೇಳಿ ಹಿಗ್ಗಬೇಡಿ. ಅರಿವಳಿಕೆಯಲ್ಲಿ ಬಂದ ಡಿಗ್ರಿಗಳು ಕೈಗಡ ತಂದ ಹಣದಂತೆ. ಮೂರನೇ ದಿನ ಮಂಡಿ ಊದಿ 90ಕ್ಕೆ ಇಳಿಯಿತು. ಆ ರಾತ್ರಿ ಅತ್ತಿದ್ದೇನೆ.

ಆಪರೇಷನ್ ಆದ ಸಂಜೆಯೇ ವ್ಯಾಯಾಮ ಶುರು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಗಾಳಿಯಲ್ಲಿ ಬಿಟ್ಟು ಹತ್ತು ನಿಮಿಷ, ದಿನಕ್ಕೆ ಏಳೆಂಟು ಸಲ. ಮಂಚದಂಚಿನಲ್ಲಿ ಬೋರಲು ಮಲಗಿ ಪಾದಗಳನ್ನು ಇಳಿಬಿಡುವುದು. ಚಿಪ್ಪನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುವುದು. ಐಸ್. ಹಾಯೆನಿಸುತ್ತದೆ ಎಂದು ಮಂಡಿಯ ಕೆಳಗೆ ದಿಂಬು ಇಡುವ ಪ್ರೀತಿಯ ಬಂಧುಗಳನ್ನು ದೂರವಿಡಿ. ನನ್ನ ಅತ್ತೆಯವರ ದಿಂಬನ್ನು ಮೂರು ಸಲ ಎಸೆದಿದ್ದೇನೆ. ಎಂಟು ವಾರಕ್ಕೆ ಕಾಲು ಪೂರ್ತಿ ನೇರ, ಮಡಚುವುದು 125.

ಮಂಗಳೂರು: ನನ್ನ ಕಥೆ ಅಷ್ಟು ಚೆನ್ನಾಗಿಲ್ಲ. ಮೂರನೇ ತಿಂಗಳಲ್ಲಿ ಅರಿವಳಿಕೆ ಕೊಟ್ಟು, ರಂಧ್ರ ಮಾಡದೆ, ಕಾಲನ್ನು ಬಲವಾಗಿ ಮಡಚಿ ನಾರುಗಳನ್ನು ಹರಿಸಿದರು. ಒಂದು ತಿಂಗಳಲ್ಲಿ ಮತ್ತೆ ಬಿಗಿಯಿತು. ಆ ಬಲದಲ್ಲಿ ಹೊಸ ಲಿಗಮೆಂಟಿಗೂ ಮೂಳೆಗೂ ಪೆಟ್ಟಾಗುವ ಅಪಾಯವಿದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕೀಹೋಲ್ ಮಾಡಿಸಿದ್ದು ಒಂದು ವರ್ಷ ಕಳೆದ ಮೇಲೆ. ಕುಂಟು ಹೋಯಿತು, 110ಕ್ಕಿಂತ ಹೆಚ್ಚು ಮಡಚಲು ಬರಲಿಲ್ಲ. ನೆಲದ ಮೇಲಿನ ಶೌಚಾಲಯ, ಊಟದ ಪಂಕ್ತಿ ಎರಡೂ ನನಗೆ ಮುಗಿದವು. ತಡ ಮಾಡಿದ್ದಕ್ಕೆ ವಿಷಾದವಿದೆ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್: ಎಣ್ಣೆಯ ಬಗ್ಗೆ ಜಗಳ ಬೇಡ. ಚರ್ಮದ ಮೇಲಿನ ಕಲೆಗೆ ತಿಕ್ಕಲಿ, ಕೀಲಿನ ಒಳಗಿನ ನಾರಿಗೆ ಅದು ತಲುಪುವುದಿಲ್ಲ. ಆದರೆ ಊದಿ ಬಿಸಿಯಾಗಿರುವ ಮಂಡಿಯನ್ನು ನಾಟಿ ಪದ್ಧತಿಯಲ್ಲಿ ತಿರುಚುವವರ ಕೈಗೆ ಕೊಡಬೇಡಿ. ಕೆರಳಿದ ಮಂಡಿ ಇನ್ನಷ್ಟು ನಾರು ಬೆಳೆಸುತ್ತದೆ. ಮೊದಲ ಆಪರೇಷನ್ನಿಗೂ ಇದೇ ಮಾತು. ಗಾಯವಾದ ಮೊದಲ ವಾರದಲ್ಲೇ ಎಸಿಎಲ್ ಕಟ್ಟಿಸಿಕೊಂಡವರಲ್ಲಿ, ಮೂರು ವಾರ ಕಾದವರಿಗಿಂತ ಈ ಬಿಗಿತ ಹೆಚ್ಚು ಎಂದು ಅಮೆರಿಕದ ಶೆಲ್ಬರ್ನ್ ಮತ್ತು ಸಂಗಡಿಗರು 1991ರಲ್ಲೇ ತೋರಿಸಿದ್ದರು.

ಮನೆಯಲ್ಲೇ ಅಳೆಯಬಹುದು. ಮಂಚದ ಮೇಲೆ ಬೋರಲು ಮಲಗಿ, ಮಂಡಿಯಿಂದ ಕೆಳಗೆ ಎರಡೂ ಕಾಲು ಹೊರಗೆ ಚಾಚಲಿ. ಹಿಮ್ಮಡಿಗಳ ಎತ್ತರದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವೆಂದರೆ ಸುಮಾರು ಒಂದು ಡಿಗ್ರಿ. ವಾರಕ್ಕೊಮ್ಮೆ ಬರೆದಿಡಿ. ಸಂಖ್ಯೆ ಇಳಿಯುತ್ತಿದ್ದರೆ ವ್ಯಾಯಾಮಕ್ಕೆ ಇನ್ನೂ ಅವಕಾಶ ಕೊಡಿ. ಆರೆಂಟು ವಾರ ಅಲ್ಲೇ ಕುಳಿತಿದ್ದರೆ, ಕೊನೆಯಲ್ಲಿ ಗೋಡೆಗೆ ತಗುಲಿದಂತೆ ನಿಲ್ಲುತ್ತಿದ್ದರೆ, ಎಂಆರ್‌ಐ ಮಾಡಿಸಿ ಡಾಕ್ಟರ ಮಾತು ಕೇಳಿ.

ಮಂಡ್ಯ, ಕಬಡ್ಡಿ: ನನಗೂ ಆಪರೇಷನ್ ಎಂದಿದ್ದರು. ಫಿಸಿಯೋ ಬದಲಿಸಿದೆ, ಎರಡು ತಿಂಗಳಲ್ಲಿ ಸರಿಹೋಯಿತು. ಆದರೆ ನನಗೆ ಬಾಕಿ ಇದ್ದದ್ದು ಮಡಚುವುದು ಮಾತ್ರ, ನೇರವಾಗುತ್ತಿತ್ತು. ನಿಮ್ಮದಕ್ಕೆ ಹೋಲಿಸಬೇಡಿ.

ಕೇಳಿದವರು: ನಿನ್ನೆ ರಾತ್ರಿ ತಮ್ಮ ಸ್ಕೇಲ್ ಹಿಡಿದು ಅಳೆದ. ಒಂಬತ್ತು ಸೆಂಟಿಮೀಟರ್. ಎಂಆರ್‌ಐಗೆ ಬರೆಸಿಕೊಂಡು ಬಂದಿದ್ದೇನೆ. ಗಂಟು ಕಂಡರೆ ಮಾಡಿಸುತ್ತೇನೆ. ಶನಿವಾರ ದಿನ ಸಿಗುತ್ತದಂತೆ.

ತುಮಕೂರಿನ ಶಿಕ್ಷಕಿ: ಶನಿವಾರ ಬೇಡ. ಭಾನುವಾರ ಫಿಸಿಯೋಗಳಿಗೆ ರಜೆ. ಸೋಮವಾರ ಕೇಳಿ ನೋಡಿ.