ಚಂದ್ರ ಬರೀ ಬಿಳಿ ತಟ್ಟೆ, ಒಂದು ಕುಳಿಯೂ ಕಾಣುತ್ತಿಲ್ಲ!

ಕಾಫಿಕಣ: ನಿನ್ನೆಯಿಂದ ತಲೆ ಕೆಟ್ಟಿದೆ. ಹೊಸ ಟೆಲಿಸ್ಕೋಪ್. ಡಬ್ಬದ ಮೇಲಿನ ಚಿತ್ರದಲ್ಲಿ ಚಂದ್ರನ ತುಂಬಾ ಕುಳಿಗಳು. ನನಗೆ ಕಾಣುವುದು ಮಸುಕು ಮಸುಕಾದ ಬಿಳಿ ತಟ್ಟೆ. ಮಾರಿದವನು ಫೋನ್ ಎತ್ತುತ್ತಿಲ್ಲ. ವಾಪಸ್ ಕಳಿಸಲಾ?

ಲೇಸರ್‌ಭಟ್ಟ: ಕೊಲಿಮೇಷನ್ ಹೋಗಿದೆ, ಅಂದ್ರೆ ಕನ್ನಡಿಗಳ ನೇರ ಜೋಡಣೆ ತಪ್ಪಿದೆ. ನಮ್ಮ ಘಾಟಿ ರಸ್ತೆಯಲ್ಲಿ ಕೊರಿಯರ್ ಬಂದರೆ ಕನ್ನಡಿ ಅಲುಗದೆ ಇರುತ್ತಾ? ಹಿಂದಿನ ಸ್ಕ್ರೂ ನೋಡಿ.

ಮಂಜಿನೂರು: ಯಾವ ಟೆಲಿಸ್ಕೋಪ್, ಕಣ್ಣಿಡುವ ಕಡೆ ಯಾವ ಐಪೀಸ್ ಮಸೂರ, ಏನೂ ಹೇಳಿಲ್ಲವಲ್ಲ ಮಾರಾಯ್ರೇ.

ಕಾಫಿಕಣ: 76/700, ಅಂದ್ರೆ ಕನ್ನಡಿ ಅಗಲ 76 ಎಂಎಂ, ಫೋಕಸ್ ದೂರ 700 ಎಂಎಂ. ದೊಡ್ಡದಾಗಿ ಕಾಣಲಿ ಅಂತ 4 ಎಂಎಂ ಹಾಕಿದ್ದೇನೆ.

ಮಂಜಿನೂರು: 700ನ್ನು 4ರಿಂದ ಭಾಗಿಸಿದರೆ 175 ಪಟ್ಟು. 76 ಎಂಎಂ ಕನ್ನಡಿಗೆ 150 ದಾಟಿದರೆ ಮಸುಕೇ. 20 ಎಂಎಂ ಹಾಕಿ, 35 ಪಟ್ಟು ಸಾಕು. ಮುಂದಿನ ಮುಚ್ಚಳ ಪೂರ್ತಿ ತೆಗೆದಿದ್ದೀರಾ, ಇಲ್ಲಾ ಅದರ ಮೇಲಿನ ಸಣ್ಣ ಬಿರಡೆ ಮಾತ್ರವಾ?

ಲೇಸರ್‌ಭಟ್ಟ: ಕೊಲಿಮೇಷನ್ ಸರಿ ಇಲ್ಲದಿದ್ದರೆ ಯಾವ ಐಪೀಸ್ ಹಾಕಿದರೂ ಅಷ್ಟೇ.

ಡಾಬ್8ಇಂಚು: ನನ್ನದರಲ್ಲಿ ಕೋಪರ್ನಿಕಸ್ ಕುಳಿಯ ನಡುವಿನ ಬೆಟ್ಟಗಳೂ ಕಾಣುತ್ತವೆ. 93 ಕಿ.ಮೀ. ಅಗಲದ ಕುಳಿ. ಅಂಗಳದಲ್ಲಿ ಟೆಲಿಸ್ಕೋಪಿಗೇ ಅಂತ ಸಿಮೆಂಟ್ ಕಟ್ಟೆ ಹಾಕಿಸಿದ್ದೇನೆ.

ಕಾಫಿಕಣ: ಅಯ್ಯೋ, ಸಣ್ಣ ಬಿರಡೆ ಮಾತ್ರ ತೆಗೆದಿದ್ದೆ! ಈಗ ಪೂರ್ತಿ ತೆಗೆದು 20 ಎಂಎಂ ಹಾಕಿದೆ. ಸ್ಪಷ್ಟ ಇದೆ, ಆದರೂ ಚಪ್ಪಟೆ. ಒಂದು ಅಂಚು ಮಾತ್ರ ಗರಗಸದ ಹಾಗೆ ಕಾಣುತ್ತಿದೆ. ಹುತ್ತರಿ ರಾತ್ರಿ ಕದಿರು ತೆಗೆದು ಬಂದ ಮೇಲೆ ಮನೆಯವರಿಗೆಲ್ಲ ತೋರಿಸಲು ಹೋಗಿ ಮಾನ ಹೋಯ್ತು.

ಮಂಜಿನೂರು: ಹುತ್ತರೀನಾ! ನಮ್ಮ ಕೊಡಗಿನ ಸುಗ್ಗಿ ಹಬ್ಬ ಅಂದ್ರೆ ಹುಣ್ಣಿಮೆ, ಮೊದಲೇ ಹೇಳಬಾರದಿತ್ತಾ? ಹುಣ್ಣಿಮೆಗೆ ಸೂರ್ಯ ನಮ್ಮ ಬೆನ್ನ ಹಿಂದೆ. ಬೆಳಕು ನೇರ ಬೀಳುತ್ತದೆ, ನೆರಳೇ ಇರುವುದಿಲ್ಲ. ಕಣದಲ್ಲಿ ಹರವಿದ ಕಾಫಿ ನಡುಮಧ್ಯಾಹ್ನ ಚಪ್ಪಟೆ ಕಾಣುತ್ತದೆ, ಸಂಜೆ ಓರೆ ಬಿಸಿಲಿಗೆ ಸಾಲು ಸಾಲೂ ಎದ್ದು ಕಾಣುತ್ತದೆ, ಅಲ್ವಾ? ಹಾಗೇ ಇದು. ಆ ಗರಗಸದ ಅಂಚನ್ನೇ ನೋಡಿ, ಅಲ್ಲಿ ಬಿಸಿಲು ಓರೆ. ದಿನಾ ಒಳಗೆ ಸರಿಯುತ್ತದೆ. ಅಷ್ಟಮಿ ಹೊತ್ತಿಗೆ ನಡುವಿಗೆ ಬರುತ್ತದೆ. ಆ ಚಂದ್ರ ಹುಟ್ಟುವುದು ನಡುರಾತ್ರಿ, ಬೆಳಗ್ಗೆ 6ಕ್ಕೆ ನೆತ್ತಿ ಹತ್ತಿರ.

ಹೊಸಬ: ಅಷ್ಟಮಿಗೆ ಭೂಮಿಯ ನೆರಳು ಅರ್ಧ ಮುಚ್ಚಿರುತ್ತಲ್ವಾ?

ಲೇಸರ್‌ಭಟ್ಟ: ಅದು ಗ್ರಹಣ ಸ್ವಾಮಿ! ಇಷ್ಟೂ ಗೊತ್ತಿಲ್ವಾ?

ಮಂಜಿನೂರು: ಬೈಬೇಡಿ. ಹೊಸಬರೇ, ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬ್ ಹಾಕಿ, ಕಿತ್ತಳೆ ಹಿಡಿದು ಕೈ ಚಾಚಿ, ನಿಂತಲ್ಲೇ ತಿರುಗಿ. ಬಲ್ಬಿನ ಕಡೆ ಅಮಾವಾಸ್ಯೆ, ಪಕ್ಕಕ್ಕೆ ಬಂದಾಗ ಅರ್ಧ. ಬಲ್ಬಿಗೆ ಬೆನ್ನು ಹಾಕಿ ಹಣ್ಣನ್ನು ತಲೆಗಿಂತ ಮೇಲೆ ಹಿಡಿದರೆ ಹುಣ್ಣಿಮೆ. ಚಂದ್ರನಿಗೆ ಈ ಸುತ್ತು ಸುಮಾರು 29.5 ದಿನ.

ಡಾಬ್8ಇಂಚು: ಹುಣ್ಣಿಮೆಯನ್ನು ಅಷ್ಟು ಹಳಿಯಬೇಡಿ. ಟೈಕೋ ಕುಳಿಯಿಂದ ಹೊರಟ ಬಿಳಿ ಗೆರೆಗಳು ಆಗಲೇ ಚೆಂದ.

ಕಾಫಿಕಣ (ಆರು ದಿನ ಬಿಟ್ಟು): ಇವತ್ತು ಬೆಳಗ್ಗೆ ಐದೂವರೆಗೆ ಎದ್ದೆ. ಕತ್ತಲೆ ಗಡಿಯಲ್ಲಿ ಸಾಲಾಗಿ ಮೂರು ಕುಳಿ, ಅರ್ಧ ಮಸಿ ತುಂಬಿದ ಬಟ್ಟಲಿನ ಹಾಗೆ! ಅವ್ವನನ್ನು ಕರೆದುಕೊಂಡು ಬರುವಷ್ಟರಲ್ಲಿ ಮಂಜು ಇಳಿದು ಸಿಲ್ವರ್ ಓಕ್ ಮರವೂ ಕಾಣಲಿಲ್ಲ.

ಮಂಜಿನೂರು: ಟಾಲೆಮಿ, ಅಲ್ಫಾನ್ಸಸ್, ಅರ್ಜಾಕೆಲ್ ಇರಬೇಕು. ದೊಡ್ಡದರ ಅಗಲ 150 ಕಿ.ಮೀ. ಮೇಲೆ.

ಲೇಸರ್‌ಭಟ್ಟ: ಆದರೂ ಕೊಲಿಮೇಷನ್ ಒಂದ್ಸಲ ನೋಡಿಬಿಡಿ.

ಡಾಬ್8ಇಂಚು: ಮಂಜಿಗೆ ಹೇರ್ ಡ್ರೈಯರ್ ಇಡಿ. ನಾನು ಜೀಪಿನ ಬ್ಯಾಟರಿಗೆ ಜೋಡಿಸಿದ್ದೇನೆ. ಫೋಟೊ ಹಾಕಲಾ?