ಯುದ್ಧಕ್ಕೆ ಮೊದಲಿನ ಜಪಾನ್: ನಮ್ಮ ಬಳಗದ ಗುಂಪಿನಲ್ಲಿ ನಡೆದ ಜಗಳ

ಶನಿವಾರ ಬೆಳಿಗ್ಗೆ ನಮ್ಮ ‘ದೊಡ್ಡಮನೆ ಬಳಗ’ ವಾಟ್ಸಾಪ್ ಗುಂಪಿಗೆ ಶ್ರೀಕಂಠ ಮಾವ ಒಂದು ವಿಡಿಯೋ ತಳ್ಳಿದರು. 1930ರ ದಶಕದ ಟೋಕಿಯೋ. ಕಪ್ಪು ಬಿಳುಪು ಚಿತ್ರಕ್ಕೆ ಕಂಪ್ಯೂಟರ್‌ನಲ್ಲಿ ಬಣ್ಣ ಹಚ್ಚಿದ್ದು. ಗಿಂಜಾ ಬೀದಿ, ಟ್ರಾಮು, ಕಿಮೋನೋ ಉಟ್ಟ ಹೆಂಗಸರು, ಹ್ಯಾಟು ಹಾಕಿದ ಗಂಡಸರು, ಹಿಂದೆ ಪಿಯಾನೋ. ಮಧ್ಯಾಹ್ನದವರೆಗೆ ನಡೆದದ್ದನ್ನು ಇಲ್ಲಿ ಹಾಕಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನೂ ಕೈ ಮುಗಿಯುವ ಗುರುತುಗಳನ್ನೂ ಮಾತ್ರ ತೆಗೆದಿದ್ದೇನೆ. ‘ನಾನು’ ಅಂದರೆ ಟೋಕಿಯೋದಲ್ಲಿ ಕೆಲಸ ಮಾಡುವ, ಮಾವನ ಪ್ರಕಾರ ಜಾಸ್ತಿ ಮಾತಾಡುವ, ಅವರ ತಂಗಿಯ ಮಗಳು.

ಶ್ರೀಕಂಠ ಮಾವ: (ಫಾರ್ವರ್ಡ್) ಯುದ್ಧಕ್ಕೆ ಮೊದಲಿನ ಜಪಾನ್ ನೋಡಿ! ಮೊಬೈಲ್ ಇಲ್ಲ, ಟಿವಿ ಇಲ್ಲ, ಗಡಿಬಿಡಿ ಇಲ್ಲ. ಹಿರಿಯರಿಗೆ ಗೌರವ, ಮನೆಯಲ್ಲಿ ಶಾಂತಿ, ಬೀದಿಯಲ್ಲಿ ಶಿಸ್ತು. ಪ್ರತಿ ಮುಖದಲ್ಲೂ ನೆಮ್ಮದಿ. ನಾವು ಕಳೆದುಕೊಂಡಿದ್ದು ಇದೇ. ಹತ್ತು ಜನಕ್ಕೆ ಕಳಿಸಿ.

ಪದ್ದತ್ತೆ: ಎಷ್ಟು ಚೆಂದ ಉಟ್ಟಿದ್ದಾರೆ. ಒಬ್ಬರದ್ದೂ ನೆರಿಗೆ ಆಚೀಚೆ ಆಗಿಲ್ಲ.

ಗಿರಿ: ಹೆಂಗಸರು ಮಾತ್ರ ಕಿಮೋನೋ, ಗಂಡಸರೆಲ್ಲ ಕೋಟು. ಇದೇನು ನ್ಯಾಯ?

ನಾನು: ಅದು ನಿಜವೇ ಗಿರಿ. 1925ರಲ್ಲಿ ಕೋನ್ ವಾಜಿರೋ ಅನ್ನುವವರು ಗಿಂಜಾದಲ್ಲಿ ಹೋಗಿಬರುವವರ ಬಟ್ಟೆಯನ್ನೇ ಲೆಕ್ಕ ಹಾಕಿಸಿದ್ದರು. ಗಂಡಸರಲ್ಲಿ 100ಕ್ಕೆ 67 ಜನ ಪ್ಯಾಂಟು ಕೋಟು. ಹೆಂಗಸರಲ್ಲಿ 99 ಜನ ಕಿಮೋನೋ. ಪತ್ರಿಕೆಗಳು ಮಾತ್ರ ಕೂದಲು ಕತ್ತರಿಸಿ ಫ್ರಾಕ್ ಹಾಕಿದ ‘ಮೋಗಾ’ ಹುಡುಗಿಯರಿಂದ ದೇಶವೇ ಹಾಳಾಯಿತು ಅಂತ ಬರೆಯುತ್ತಿದ್ದವು. ಆ ನೂರರಲ್ಲಿ ಒಬ್ಬಳ ಮೇಲೆ ಅಷ್ಟು ಸಿಟ್ಟು.

ಪದ್ದತ್ತೆ: ಆ ಸಿಟ್ಟು ನನಗೆ ಗೊತ್ತು. ನಾನು ಮೊದಲ ಸಲ ಚೂಡಿದಾರ ಹಾಕಿದಾಗ ಇದೇ ಮನೆಯಲ್ಲಿ ನೋಡಿದ್ದೇನೆ.

ಶ್ರೀಕಂಠ ಮಾವ: ಬಟ್ಟೆ ವಿಷಯ ಬಿಡಿ. ಜನ ನೆಮ್ಮದಿಯಾಗಿದ್ದರೋ ಇಲ್ಲವೋ, ಅದು ಹೇಳಿ.

ನಾನು: ಯಾವ ಜನ ಮಾವ? ಟೋಕಿಯೋ ಅಂಚಿನ ಹೊಸ ಬಡಾವಣೆಯಲ್ಲಿದ್ದ ಆಫೀಸಿನವರು ಅಂದರೆ, ಹೌದು, ಅವರ ಮನೆ ಚೆನ್ನಾಗೇ ಇತ್ತು. ಚಾಪೆ ಹಾಸಿದ ಕೋಣೆ, ನಡುವೆ ಕುಳ್ಳ ದುಂಡು ಮೇಜು, ಕೈ ಕಾಯಿಸೋಕೆ ಇದ್ದಿಲ ಕುಂಡ. 1925ರಲ್ಲಿ ರೇಡಿಯೋ ಬಂತು. 1928ರಿಂದ ರೇಡಿಯೋ ಹಾಡಿಗೆ ಬೆಳಗಿನ ಕಸರತ್ತು ಶುರುವಾಯಿತು. ಅದು ಈಗಲೂ ನಮ್ಮ ಬೀದಿಯ ಪಾರ್ಕಿನಲ್ಲಿ 6.30ಕ್ಕೆ ನಡೆಯುತ್ತದೆ. ಸಂಜೆ ತೋಫು ಮಾರುವವನ ಕಹಳೆ. ಇದೆಲ್ಲ ನನಗೂ ಇಷ್ಟ. ಆದರೆ ಆ ಮನೆಯ ಅಡುಗೆಮನೆಯಲ್ಲಿ ಹಳ್ಳಿಯಿಂದ ಬಂದ ಒಬ್ಬ ಹುಡುಗಿ ಇರುತ್ತಿದ್ದಳು. ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸುವುದು ಅವಳು, ನೀರು ಸೇದುವುದು ಅವಳು, ಮಗು ಬೆನ್ನಿಗೆ ಕಟ್ಟಿಕೊಳ್ಳುವುದೂ ಅವಳು. 1930ರ ಜನಗಣತಿಯಲ್ಲಿ ಇಂಥ ಹೆಂಗಸರು ಸುಮಾರು 7 ಲಕ್ಷ. ವಿಡಿಯೋದ ಕ್ಯಾಮೆರಾ ಅಡುಗೆಮನೆಗೆ ಹೋಗಿಲ್ಲ.

ಶ್ರೀಕಂಠ ಮಾವ: ಮನೆಗೆಲಸದವರು ಎಲ್ಲಿಲ್ಲ? ಕೆಲಸ ಕೊಟ್ಟಿದ್ದೇ ತಪ್ಪಾ?

ರವಿ ಚಿಕ್ಕಪ್ಪ: ತಪ್ಪು ಅಂತ ಅಲ್ಲ ಅಣ್ಣ. ಆ ಹುಡುಗಿ ಹಳ್ಳಿ ಬಿಟ್ಟು ಯಾಕೆ ಬಂದಳು ಅಂತ ಕೇಳಬೇಕು.

(ರವಿ ಚಿಕ್ಕಪ್ಪ ರೇಷ್ಮೆ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು. ಗೂಡು, ನೂಲು ಅಂತ ಶುರುವಾದರೆ ನಿಲ್ಲಿಸುವುದು ಕಷ್ಟ. ಈ ಸಲ ನಿಲ್ಲಿಸಬೇಕು ಅನ್ನಿಸಲಿಲ್ಲ.)

ರವಿ ಚಿಕ್ಕಪ್ಪ: ಆಗ ಜಪಾನಿನ ರೈತ ಮನೆಗಳಲ್ಲಿ ಹತ್ತರಲ್ಲಿ ನಾಲ್ಕು ಮನೆ ಹುಳು ಸಾಕುತ್ತಿದ್ದವು. ನೂಲು ಅಮೆರಿಕಕ್ಕೆ ಹೋಗುತ್ತಿತ್ತು, ಅಲ್ಲಿ ಹೆಂಗಸರ ಕಾಲುಚೀಲ ಆಗುತ್ತಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಬಿತ್ತು. ಮರುವರ್ಷಕ್ಕೆ ನೂಲಿನ ಬೆಲೆ ಹೆಚ್ಚುಕಡಿಮೆ ಅರ್ಧ. ನಾಗಾನೋ ಕಡೆಯ ಹಳ್ಳಿಗಳು ಮಕಾಡೆ ಮಲಗಿದವು. ಅದರ ಬಿಸಿ ಮೈಸೂರಿಗೂ ತಟ್ಟಿತು. ಹೊರಗಿನ ಅಗ್ಗದ ರೇಷ್ಮೆ ನುಗ್ಗಿ ನಮ್ಮ ಬೆಳೆಗಾರರು ಕಂಗಾಲಾದರು. 1934ರಲ್ಲಿ ಸುಂಕ ಹಾಕಿದ ಮೇಲೆ ಸ್ವಲ್ಪ ಉಸಿರಾಡಿದ್ದು. ತಮಾಷೆ ಏನು ಗೊತ್ತಾ? ನಮಗೆ ಹೊಸ ವಿಧಾನ ಕಲಿಸಿದ್ದೂ ಜಪಾನಿನವರೇ. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅಂತ ಬಸ್ ಸ್ಟಾಪ್ ಇದೆಯಲ್ಲ, ಆ ಫಾರ್ಮಿಗೆ ಜಪಾನಿನಿಂದ ತಜ್ಞರನ್ನು ಕರೆಸಿದ್ದರು.

ಗಿರಿ: ಆ ಸ್ಟಾಪಿನಲ್ಲಿ ಎಷ್ಟು ಸಲ ಇಳಿದಿದ್ದೇನೆ, ಇದು ಗೊತ್ತೇ ಇರಲಿಲ್ಲ.

ರವಿ ಚಿಕ್ಕಪ್ಪ: ಇನ್ನೊಂದು. ಅಲ್ಲಿ ಸಾಗುವಳಿ ಭೂಮಿಯಲ್ಲಿ ಅರ್ಧಕ್ಕೆ ಹತ್ತಿರ ಗೇಣಿ ಭೂಮಿ. ಬೆಳೆದ ಭತ್ತದಲ್ಲಿ ಅರ್ಧದಷ್ಟು ಒಡೆಯನಿಗೆ. ಇದು ಹೋಗಿದ್ದು ಯುದ್ಧ ಸೋತ ಮೇಲೆ, ಅಮೆರಿಕದವರು ಕೂತು ಭೂಸುಧಾರಣೆ ಮಾಡಿಸಿದಾಗ. ‘ನಾವು ಕಳೆದುಕೊಂಡಿದ್ದು ಇದೇ’ ಅಂತ ಯಾವ ಗೇಣಿದಾರನೂ ಅತ್ತಿರಲಾರ.

ನಾನು: 1934ರಲ್ಲಿ ಉತ್ತರದ ತೊಹೊಕು ಕಡೆ ಬೇಸಿಗೆ ಬೇಸಿಗೆಯಾಗಲೇ ಇಲ್ಲ. ಚಳಿಗೆ ಭತ್ತ ಜೊಳ್ಳಾಯಿತು. ಆ ಹಸಿವಿನ ವರ್ಷಗಳ ಒಂದು ಫೋಟೋ ಇಲ್ಲಿ ತುಂಬಾ ಜನರಿಗೆ ಗೊತ್ತು. ಯಾಮಾಗಾತಾ ಪ್ರಾಂತ್ಯದ ಇಸಾಜಾವಾ ಹಳ್ಳಿ. ಗೋಡೆಗೆ ಒಂದು ಪ್ರಕಟಣೆ ಹಚ್ಚಿದ್ದಾರೆ. ದೊಡ್ಡ ಅಕ್ಷರ, ಅಂದವಾದ ಬರಹ. ‘ಮಗಳನ್ನು ಮಾರುವುದಿದ್ದರೆ ನಮ್ಮ ಸಲಹಾ ಕೇಂದ್ರಕ್ಕೆ ಬನ್ನಿ’ ಅಂತ.

ಪದ್ದತ್ತೆ: ಅಯ್ಯೋ. ಸರ್ಕಾರವೇ ಹಾಕಿದ್ದಾ?

ನಾನು: ಊರಿನವರೇ ನಡೆಸುತ್ತಿದ್ದ ಕೇಂದ್ರ. ದಲ್ಲಾಳಿ ಕೈಗೆ ಸಿಗುವ ಮೊದಲು ನಮ್ಮ ಹತ್ತಿರ ಬನ್ನಿ ಅನ್ನುವುದು ಅದರ ಉದ್ದೇಶ. ಅಪ್ಪ ಮುಂಗಡ ತೆಗೆದುಕೊಳ್ಳುತ್ತಿದ್ದ, ಮಗಳು ದುಡಿದು ತೀರಿಸಬೇಕಿತ್ತು. ಗಿರಣಿಯಲ್ಲೋ, ಪರವಾನಗಿ ಇದ್ದ ವೇಶ್ಯಾಗೃಹದಲ್ಲೋ. ನಮ್ಮಲ್ಲಿ ಇದಕ್ಕೆ ಜೀತ ಅನ್ನುತ್ತೇವೆ.

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ಆಮೇಲೆ ಮಾವ ಗೂಗಲ್ ಮಾಡಿಕೊಂಡು ಬಂದರು.)

ಶ್ರೀಕಂಠ ಮಾವ: ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ನೋಡಿ ಮೆಚ್ಚಿ ಬಂದವರು. ಅವರಿಗಿಂತ ನೀವು ಜಾಣರಾ? ಬ್ರಿಟಿಷರ ವಿರುದ್ಧ ಹೋರಾಡಿದ ನಮ್ಮ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅವರಿಗೆ ಆಶ್ರಯ ಕೊಟ್ಟ ದೇಶ ಅದು. ಸುಮ್ನೆ ಕೆಟ್ಟದ್ದನ್ನೇ ಹೆಕ್ಕಬೇಡಿ.

ಗಿರಿ: ಮಾವ, ವಿಶ್ವೇಶ್ವರಯ್ಯನವರು ಮೆಚ್ಚಿದ್ದು ಶಾಲೆ, ಕಾರ್ಖಾನೆ, ತಾಂತ್ರಿಕ ಶಿಕ್ಷಣ. ‘ಕೈಗಾರಿಕೀಕರಣ ಇಲ್ಲವೇ ವಿನಾಶ’ ಅಂದ ಮನುಷ್ಯ ಅವರು. ನಿಮ್ಮ ಫಾರ್ವರ್ಡ್‌ನಲ್ಲಿ ‘ಗಡಿಬಿಡಿ ಇಲ್ಲ’ ಅಂತ ಇದೆ. ಅವರು ಆ ಗಡಿಬಿಡಿಯನ್ನು ನೋಡೋಕೇ ಹಡಗು ಹತ್ತಿದ್ದು.

ನಾನು: ಬೋಸ್ ವಿಷಯದಲ್ಲೂ ಅಷ್ಟೇ. 1915ರಲ್ಲಿ ಬ್ರಿಟಿಷರ ಒತ್ತಡಕ್ಕೆ ಜಪಾನ್ ಸರ್ಕಾರ ದೇಶ ಬಿಡಿ ಅಂತ ಆದೇಶ ಕೊಟ್ಟಿತ್ತು. ಮನೆಯೊಳಗೆ ಬಚ್ಚಿಟ್ಟಿದ್ದು ಶಿಂಜುಕುವಿನ ನಾಕಾಮುರಾಯಾ ಬೇಕರಿಯ ಗಂಡ ಹೆಂಡತಿ. ಆಮೇಲೆ ಅವರ ಮಗಳನ್ನೇ ಬೋಸ್ ಮದುವೆಯಾದರು. 1927ರಲ್ಲಿ ಆ ಅಂಗಡಿಯಲ್ಲಿ ಇಂಡಿಯನ್ ಕರ್ರಿ ಶುರು ಮಾಡಿದರು. ಬೇರೆ ಕಡೆ ಕರ್ರಿ 10–12 ಸೆನ್, ಇಲ್ಲಿ 80 ಸೆನ್ (100 ಸೆನ್ ಅಂದರೆ 1 ಯೆನ್). ಅದೇ ವರ್ಷ ಡಿಸೆಂಬರ್‌ನಲ್ಲಿ ಟೋಕಿಯೋದ ಉಎನೋದಿಂದ ಅಸಾಕುಸಾಗೆ ಏಷ್ಯಾದ ಮೊದಲ ಸುರಂಗ ರೈಲು ಓಡಿತು. ಅದರ ಟಿಕೆಟ್ 10 ಸೆನ್. ಒಂದು ತಟ್ಟೆ ಊಟಕ್ಕೆ ಎಂಟು ಸಲ ರೈಲು ಹತ್ತಬಹುದಿತ್ತು.

ಪದ್ದತ್ತೆ: ಆ ಕರ್ರಿ ತಿಂದಿದ್ದೀಯಾ?

ನಾನು: ತಿಂದಿದ್ದೇನೆ ಅತ್ತೆ. ಈಗಲೂ ಮಾರುತ್ತಾರೆ. ನಿಮ್ಮ ಸಾಗು ಗೆಲ್ಲುತ್ತದೆ.

ಡಾ. ವಾಣಿ: ಕ್ಲಿನಿಕ್‌ನಲ್ಲಿ ಇದ್ದೇನೆ, ಒಂದೇ ಮಾತು. ವಿಡಿಯೋದಲ್ಲಿ ಮುದುಕರು ಯಾಕೆ ಇಷ್ಟು ಕಡಿಮೆ ಅಂತ ಯಾರಾದರೂ ನೋಡಿದಿರಾ? 1935–36ರಲ್ಲಿ ಅಲ್ಲಿ ಸರಾಸರಿ ಆಯುಷ್ಯ ಗಂಡಸರಿಗೆ 46.9 ವರ್ಷ, ಹೆಂಗಸರಿಗೆ 49.6. 1930ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ನೂರಿಪ್ಪತ್ತಕ್ಕೂ ಜಾಸ್ತಿ ಮಕ್ಕಳು ವರ್ಷ ತುಂಬುವ ಮೊದಲೇ ಹೋದವು. ಕ್ಷಯವಂತೂ ಮನೆಮನೆಯಲ್ಲಿ. ಗಿರಣಿಯಲ್ಲಿ ಅಂಟಿಸಿಕೊಂಡ ಹುಡುಗಿಯರು ಊರಿಗೆ ಬಂದು ಮನೆಯವರಿಗೂ ಹಂಚಿ ಸತ್ತರು. ನಮಸ್ಕಾರ.

ಶ್ರೀಕಂಠ ಮಾವ: ಎಲ್ಲರೂ ಸೇರಿ ಒಬ್ಬನ ಮೇಲೆ ಬೀಳುತ್ತಿದ್ದೀರಿ.

ಗಿರಿ: ಇಲ್ಲ ಮಾವ, ಈ ಸಲ ನಾನು ನಿಮ್ಮ ಕಡೆ. ಯುದ್ಧ ಮುಗಿದ ಮೇಲೆ ಜಪಾನ್ ಸರ್ಕಾರ ‘ನಾವು ಎಷ್ಟು ಚೇತರಿಸಿಕೊಂಡೆವು’ ಅಂತ ಅಳೆದದ್ದು 1934ರಿಂದ 36ರ ಸರಾಸರಿಯನ್ನು 100 ಅಂತ ಇಟ್ಟುಕೊಂಡು. ಆ ಮಟ್ಟ ದಾಟಿದ ಮೇಲೆಯೇ 1956ರ ಆರ್ಥಿಕ ವರದಿಯಲ್ಲಿ ‘ಇನ್ನು ಇದು ಯುದ್ಧಾನಂತರದ ಕಾಲವಲ್ಲ’ ಅಂತ ಬರೆದರು. ಅಂದರೆ ಅದರಲ್ಲಿ ಬದುಕಿದ್ದವರಿಗೇ ಆ ವರ್ಷಗಳು ಒಳ್ಳೆಯವು ಅನ್ನಿಸಿದ್ದವು. ನಾವು ಯಾರು ಅಲ್ಲ ಅನ್ನೋಕೆ?

ಶ್ರೀಕಂಠ ಮಾವ: ಭೇಷ್.

(ನಿಜ ಹೇಳಬೇಕು ಅಂದರೆ ಇಡೀ ಬೆಳಿಗ್ಗೆಯ ಅತಿ ಒಳ್ಳೆಯ ವಾದ ಇದು. ಗಿರಿ ಇದನ್ನು ಎಲ್ಲಿಂದ ತಂದ ಅಂತ ನಾನು ಇನ್ನೂ ಕೇಳಿಲ್ಲ.)

ನಾನು: ಒಪ್ಪಿದೆ. 1946ರಲ್ಲಿ ಗೆಣಸಿನ ಬಳ್ಳಿ ಬೇಯಿಸಿ ತಿಂದವಳಿಗೆ 1935ರ ಬಿಳಿ ಅನ್ನ ನೆನಪಾದರೆ ಅದು ಹಸಿವು. ಅದನ್ನು ಯಾರೂ ಆಡಿಕೊಳ್ಳಬಾರದು. ನನ್ನ ತಕರಾರು ಅವಳ ಮೇಲೆ ಅಲ್ಲ, ಈಗಿನವರ ಮೇಲೆ. ಮಾವ, ನಮ್ಮ ಮನೆಯಿಂದ ಸ್ವಲ್ಪ ದೂರದ ಕೊಗಾನೇಯಿಯಲ್ಲಿ ಹಳೆಯ ಮನೆಗಳನ್ನು ಕಿತ್ತು ತಂದು ಮತ್ತೆ ನಿಲ್ಲಿಸಿದ ಬಯಲು ಮ್ಯೂಸಿಯಂ ಇದೆ. ಟಿಕೆಟ್ 400 ಯೆನ್. 1929ರ ಸಾರ್ವಜನಿಕ ಸ್ನಾನದ ಮನೆ ಇದೆ, ಹಳೇ ಅಂಗಡಿ ಬೀದಿ ಇದೆ. ಬಾಡಿಗೆ ಕಿಮೋನೋ ಉಟ್ಟ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳೋಕೆ ಬರುತ್ತಾರೆ. ಅಲ್ಲೇ ಒಂದು ದೊಡ್ಡ ಮರದ ಮನೆ. ಹಳೇ ಗಾಜು, ಅದರಾಚೆ ತೋಟ ಸ್ವಲ್ಪ ಅಲುಗಿದ ಹಾಗೆ ಕಾಣುತ್ತದೆ. ಎಲ್ಲರೂ ಆ ಗಾಜಿನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಹಣಕಾಸು ಮಂತ್ರಿ ತಕಹಾಶಿ ಕೊರೆಕಿಯೋ ಅವರ ಮನೆ. ಮಹಡಿ ಮೇಲೆ ಅವರು ಮಲಗುತ್ತಿದ್ದ ಕೋಣೆ. 1936ರ ಫೆಬ್ರವರಿ 26, ಟೋಕಿಯೋದಲ್ಲಿ ಹಿಮ ಬಿದ್ದಿತ್ತು. ಬೆಳಗಿನ ಜಾವ ಬಂಡೆದ್ದ ಸೈನಿಕರು ಆ ಕೋಣೆಗೆ ನುಗ್ಗಿ ಅವರನ್ನು ಗುಂಡಿಟ್ಟು, ಕತ್ತಿಯಿಂದ ಕಡಿದು ಕೊಂದರು. ವಯಸ್ಸು 81.

ರವಿ ಚಿಕ್ಕಪ್ಪ: ಯಾಕೆ?

ನಾನು: ಸೈನ್ಯದ ಖರ್ಚಿಗೆ ಕಡಿವಾಣ ಹಾಕಲು ಹೊರಟಿದ್ದಕ್ಕೆ. ಈಗ ಗಿರಿಯ 100 ಅಂಕಕ್ಕೆ ಬನ್ನಿ. 1931ರ ಕೊನೆಗೆ ಮಂತ್ರಿಯಾಗಿ, ಯೆನ್ ಬೆಲೆಯನ್ನು ಚಿನ್ನಕ್ಕೆ ಬಿಗಿದಿದ್ದ ಕಟ್ಟು ಬಿಡಿಸಿ, ಸರ್ಕಾರದ ಹಣ ಹರಿಯಬಿಟ್ಟು, ಆ ಮಹಾಕುಸಿತದಿಂದ ದೇಶವನ್ನು ಎತ್ತಿದವರೇ ಈ ತಕಹಾಶಿ. ಗಿಂಜಾದ ಆ ಹೊಳಪಿನಲ್ಲಿ ಅವರ ಪಾಲು ದೊಡ್ಡದು. ಅಂದರೆ ಆ ಒಳ್ಳೆಯ ವರ್ಷಗಳನ್ನು ತಂದವರನ್ನು ಅದೇ ಒಳ್ಳೆಯ ವರ್ಷಗಳ ಒಳಗೇ ಕೊಂದರು. ಮಾರನೆಯ ವರ್ಷ ಚೀನಾ ಮೇಲೆ ದೊಡ್ಡ ಯುದ್ಧ. 1940ರ ಅಕ್ಟೋಬರ್ ಕೊನೆಗೆ ಡಾನ್ಸ್ ಹಾಲ್‌ಗಳಿಗೆ ಬೀಗ. 1941ರ ಏಪ್ರಿಲ್‌ನಿಂದ ದೊಡ್ಡ ಊರುಗಳಲ್ಲಿ ದೊಡ್ಡವರಿಗೆ ದಿನಕ್ಕೆ 330 ಗ್ರಾಂ ಅಕ್ಕಿ, ಚೀಟಿ ಮೇಲೆ. ವಿಡಿಯೋದಲ್ಲಿ ಹ್ಯಾಟು ಹಾಕಿ ನಡೆಯುತ್ತಿರುವವರು ಬೇರೆ ಯಾರೋ ಅಲ್ಲ. ಅವರೇ ಆ ಚೀಟಿ ಹಿಡಿದು ನಿಂತವರು. ಅವರೇ ಚೀನಾಕ್ಕೂ ಹೋದವರು.

ಶ್ರೀಕಂಠ ಮಾವ: ಆದರೂ ಬೀದಿ ಚೆನ್ನಾಗಿತ್ತು. ಕಸ ಇಲ್ಲ, ಹಾರ್ನ್ ಇಲ್ಲ. ಅಷ್ಟನ್ನಾದರೂ ಒಪ್ಪಿಕೊಳ್ಳಿ.

ನಾನು: ಚೆನ್ನಾಗಿತ್ತು ಮಾವ. ವಿಡಿಯೋ ಇರಲಿ. ಆ ‘ಹತ್ತು ಜನಕ್ಕೆ ಕಳಿಸಿ’ ಒಂದು ತೆಗೆಯಿರಿ.

ಶ್ರೀಕಂಠ ಮಾವ: ಆಗಲೇ ಮೂರು ಗುಂಪಿಗೆ ಹೋಗಿದೆ.

ಪದ್ದತ್ತೆ: ಆ ಏಳು ಲಕ್ಷ ಹುಡುಗಿಯರು ಅಂದೆಯಲ್ಲ, ಅವರು ಎಲ್ಲಿ ಮಲಗುತ್ತಿದ್ದರು?

ನಾನು: ಆಗಿನ ಮಧ್ಯಮವರ್ಗದ ಮನೆಗಳ ನಕ್ಷೆಯಲ್ಲೇ ಅದಕ್ಕೆ ಜಾಗ ಬರೆದಿರುತ್ತದೆ ಅತ್ತೆ. ಅಡುಗೆಮನೆ ಪಕ್ಕ, ಬಿಸಿಲು ಬೀಳದ ಕಡೆ, ಎರಡೋ ಮೂರೋ ಚಾಪೆ ಹಿಡಿಸುವ ಕೋಣೆ.

ಪದ್ದತ್ತೆ: ಕೋಣೆಯಾದರೂ ಇತ್ತು. ನಾನು ಮದುವೆಯಾಗಿ ಬಂದಾಗ ನಮ್ಮ ದೊಡ್ಡಮನೆಯಲ್ಲಿ ಒಂದು ಹುಡುಗಿ ಇತ್ತು, ಹನ್ನೆರಡೋ ಹದಿಮೂರೋ. ಹಿತ್ತಲ ಒಲೆ ಮುಂದೆ ಗೋಣಿಚೀಲ ಹಾಸಿ ಮಲಗುತ್ತಿತ್ತು.

ಶ್ರೀಕಂಠ ಮಾವ: ಅದನ್ನೆಲ್ಲ ಗುಂಪಿನಲ್ಲಿ ಯಾಕೆ ಹಾಕುತ್ತೀಯ?

(ಇಬ್ಬರೂ ಒಂದೇ ಹಾಲ್‌ನಲ್ಲಿ ಎದುರುಬದುರು ಕೂತು ಟೈಪ್ ಮಾಡುತ್ತಾರೆ.)

ಪದ್ದತ್ತೆ: ಹಳೇ ಕಾಲ ಅಂತ ಶುರು ಮಾಡಿದ್ದು ನೀವು.